ಮುಚ್ಚಿಹೋದ ಸರ್ಕಾರಿ ಪ್ರೌಢಶಾಲೆಯ ಇತಿಹಾಸ ಬರೆಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ಬಾಗಿಲು ಹಾಕಿದ ಅಥವಾ ಬೇರೆ ಶಾಲೆಯೊಳಗೆ ಸೇರಿಹೋದ ಸರ್ಕಾರಿ ಹೈಸ್ಕೂಲುಗಳ ಚರಿತ್ರೆ ಬರೆಯಲು ಹೊರಟ ಹಳೆಯ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು ಮತ್ತು ಊರಿನ ಆಸಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು.

ಎಲ್ಲಿಂದ ಶುರು ಮಾಡಬೇಕು?

ಶಾಲೆಯ ದಾಖಲಾತಿ ಪುಸ್ತಕ ಈಗ ಯಾರ ಬೀರುವಿನಲ್ಲಿದೆ ಎಂದು ಪತ್ತೆ ಹಚ್ಚುವುದರಿಂದ. ಕಟ್ಟಡ ಇನ್ನೂ ಹಲವು ವರ್ಷ ನಿಂತಿರಬಹುದು, ಬೀಗ ಹಾಕಿದ ಕೋಣೆಯ ಕಾಗದಕ್ಕೆ ಒಂದು ಮಳೆಗಾಲ ಸಾಕು. ಹೆಂಚು ಸರಿದ ಕಡೆ ನೀರು ಇಳಿಯುತ್ತದೆ, ತೇವ ನಿಂತ ಕಡೆ ಗೆದ್ದಲು ಬರುತ್ತದೆ. ಹಾಗಾಗಿ ಬರವಣಿಗೆಯ ಯೋಜನೆ, ಸಮಿತಿ, ಮುಖಪುಟದ ವಿನ್ಯಾಸ ಎಲ್ಲವೂ ಆಮೇಲೆ. ಇದಕ್ಕೆ ಒಂದೇ ವಿನಾಯಿತಿ: ಮೊದಲ ಬ್ಯಾಚಿನವರು, ಆರಂಭದ ವರ್ಷಗಳ ಶಿಕ್ಷಕರು ಅಥವಾ ಜವಾನರು ಯಾರಾದರೂ ಬದುಕಿದ್ದರೆ, ಕಾಗದ ಹುಡುಕುವ ಹೊತ್ತಿಗೇ ಅವರ ಮಾತನ್ನೂ ಧ್ವನಿಮುದ್ರಿಸಿಕೊಳ್ಳಿ.

ನಮ್ಮ ಶಾಲೆ ಯಾವ ಇಸವಿಯಲ್ಲಿ ಶುರುವಾಯಿತು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬಹುತೇಕ ಎಲ್ಲರೂ ಸರಿಯನ್ನೇ ಹೇಳುತ್ತಿರುತ್ತಾರೆ, ಬೇರೆ ಬೇರೆ ಘಟನೆಯನ್ನು ಹಿಡಿದುಕೊಂಡು. ಒಂದು ಹೈಸ್ಕೂಲಿಗೆ ಕನಿಷ್ಠ ನಾಲ್ಕು ಹುಟ್ಟುದಿನಗಳಿರುತ್ತವೆ. ಮಂಜೂರಾತಿ ಆದೇಶದ ತಾರೀಖು ಒಂದು. ಯಾವುದೋ ಛತ್ರದಲ್ಲೋ ಪ್ರಾಥಮಿಕ ಶಾಲೆಯ ಜಗಲಿಯಲ್ಲೋ ಮೊದಲ ತರಗತಿ ಕೂತ ದಿನ ಇನ್ನೊಂದು. ಸ್ವಂತ ಕಟ್ಟಡದ ಉದ್ಘಾಟನೆ ಮೂರನೆಯದು, ಗೋಡೆಯ ಕಲ್ಲಿನಲ್ಲಿ ಕೆತ್ತಿರುವುದು ಸಾಮಾನ್ಯವಾಗಿ ಇದೇ. ಮೊದಲ ಬ್ಯಾಚು ಎಸ್.ಎಸ್.ಎಲ್.ಸಿ. ಬರೆದ ವರ್ಷ ನಾಲ್ಕನೆಯದು. ವರ್ಷಕ್ಕೊಂದು ತರಗತಿಯಂತೆ ಶಾಲೆ ಬೆಳೆದಿದ್ದರೆ, ಮೊದಲ ತರಗತಿಗೂ ಮೊದಲ ಪರೀಕ್ಷೆಗೂ ಎರಡು ಮೂರು ವರ್ಷದ ಅಂತರ ಸಹಜ.

ಐದನೆಯದೂ ಒಂದುಂಟು, ಹೆಚ್ಚು ಗೊಂದಲ ಹುಟ್ಟಿಸುವುದು ಅದೇ. ಇಂದು 'ಸರ್ಕಾರಿ' ಎನಿಸಿಕೊಂಡ ಅನೇಕ ಪ್ರೌಢಶಾಲೆಗಳು ಹುಟ್ಟುವಾಗ ಸರ್ಕಾರಿ ಆಗಿರಲಿಲ್ಲ. ಪುರಸಭೆ ನಡೆಸುತ್ತಿದ್ದ ಮುನಿಸಿಪಲ್ ಹೈಸ್ಕೂಲು, ದಕ್ಷಿಣ ಕನ್ನಡದಲ್ಲಿ ಜಿಲ್ಲಾ ಬೋರ್ಡಿನ ಬೋರ್ಡ್ ಹೈಸ್ಕೂಲು, 1959ರ ಕಾಯ್ದೆಯ ನಂತರ ತಾಲ್ಲೂಕು ಡೆವಲಪ್‌ಮೆಂಟ್ ಬೋರ್ಡಿನ ಹೈಸ್ಕೂಲು, ಹೀಗೆ ಶುರುವಾಗಿ ಮುಂದೆ ಸರ್ಕಾರದ ವಶಕ್ಕೆ ಬಂದವು ಅವು. ಇಲಾಖೆಯ ಪಟ್ಟಿಯಲ್ಲಿ 'ಸ್ಥಾಪನೆ' ಎಂದು ವಶಕ್ಕೆ ಬಂದ ವರ್ಷವನ್ನೇ ಬರೆದಿರುವುದು ಉಂಟು. ನಿಮ್ಮ ಊರಿನ ಹಿರಿಯರು ಈಗಲೂ 'ಬೋರ್ಡ್ ಸ್ಕೂಲು' ಎನ್ನುತ್ತಿದ್ದರೆ ಅದನ್ನು ಬರಿಯ ರೂಢಿಯ ಹೆಸರು ಎಂದು ಬಿಡಬೇಡಿ, ಅದು ಒಂದು ಸುಳಿವು. ಅಂಥ ಶಾಲೆಯ ಹುಟ್ಟಿನ ಕಾಗದ ಶಿಕ್ಷಣ ಇಲಾಖೆಯಲ್ಲಿ ಸಿಗುವುದಕ್ಕಿಂತ ಪುರಸಭೆಯ ನಡವಳಿ ಪುಸ್ತಕದಲ್ಲಿ, ಉತ್ತರ ಕರ್ನಾಟಕದಲ್ಲಾದರೆ ಠರಾವು ಪುಸ್ತಕದಲ್ಲಿ, ಸಿಗುವ ಸಾಧ್ಯತೆ ಹೆಚ್ಚು.

ಬರೆಯುವಾಗ ಒಂದೇ ಇಸವಿಯನ್ನು ಆರಿಸಿ ಉಳಿದವನ್ನು ಅಳಿಸಬೇಡಿ. ಎಲ್ಲವನ್ನೂ ಕೊಡಿ, ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಕಾಗದದಿಂದ ಬಂತು ಎಂದು ಬರೆಯಿರಿ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯನ್ನು ಮಾತ್ರ ಆಧಾರವಾಗಿ ಹಿಡಿಯಬಾರದು. ಮಹೋತ್ಸವ ಮಾಡಲು ಅನುಕೂಲವಾದ ವರ್ಷಕ್ಕೆ ಸರಿಯಾಗಿ ಸ್ಥಾಪನೆಯ ವರ್ಷವೂ ಸರಿದು ಕೂತಿರುತ್ತದೆ.

ಶಾಲೆ ಮುಚ್ಚಿದ ದಿನ ಯಾವುದು? ಆದೇಶದಲ್ಲಿ 'ಮುಚ್ಚಲಾಗಿದೆ' ಎಂಬ ಮಾತೇ ಇಲ್ಲ.

ಇರುವುದೂ ಅಪರೂಪ. ಕಚೇರಿಯ ಭಾಷೆಯಲ್ಲಿ ಶಾಲೆ 'ವಿಲೀನ'ವಾಗುತ್ತದೆ, 'ಸ್ಥಳಾಂತರ'ವಾಗುತ್ತದೆ, 'ಶೂನ್ಯ ದಾಖಲಾತಿ' ಎಂದು ಗುರುತಾಗುತ್ತದೆ, 'ತಾತ್ಕಾಲಿಕವಾಗಿ ಸ್ಥಗಿತ'ಗೊಳ್ಳುತ್ತದೆ. ಈ ಪದಗಳ ವ್ಯತ್ಯಾಸ ಮುಖ್ಯ. ವಿಲೀನವಾದರೆ ಮಕ್ಕಳು, ಶಿಕ್ಷಕರು, ವಹಿಗಳು ಮತ್ತೊಂದು ಶಾಲೆಗೆ ಹೋಗುತ್ತವೆ. ಶೂನ್ಯ ದಾಖಲಾತಿ ಎಂದಾದರೆ ಶಾಲೆಯ ಸಂಖ್ಯೆ ಪಟ್ಟಿಯಲ್ಲಿ ಇನ್ನೂ ಕೆಲಕಾಲ ಉಳಿದಿರಬಹುದು, ಒಳಗೆ ಯಾರೂ ಇರುವುದಿಲ್ಲ. ಇನ್ನು ಕೆಲವು ಶಾಲೆಗಳು ಮುಚ್ಚಲೇ ಇಲ್ಲ, ಹೆಸರು ಕಳೆದುಕೊಂಡವು. 1970ರ ದಶಕದಿಂದೀಚೆಗೆ ಎಷ್ಟೋ ಹೈಸ್ಕೂಲುಗಳಲ್ಲಿ ಪಿ.ಯು. ತರಗತಿಗಳು ಶುರುವಾದಾಗ ಹೈಸ್ಕೂಲು 'ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ' ಎನಿಸಿಕೊಂಡಿತು, ಹೆಡ್‌ಮಾಸ್ಟರ ಕುರ್ಚಿ ಉಪಪ್ರಾಂಶುಪಾಲರದಾಯಿತು. ಇತ್ತೀಚೆಗೆ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಾಗಲೂ ಹಾಗೆಯೇ ಕೆಲವು ಹೆಸರುಗಳು ಕರಗಿದವು.

ಹಾಗಾಗಿ ಮೂರು ತಾರೀಖು ಹುಡುಕಿ: ಕೊನೆಯ ಹೊಸ ದಾಖಲಾತಿ, ಕೊನೆಯ ಹಾಜರಿ, ಆದೇಶ. ಮೊದಲ ಎರಡು ವಹಿಯಲ್ಲಿವೆ, ಮೂರನೆಯದು ಕಡತದಲ್ಲಿದೆ. ಆದೇಶ ಬರುವ ಎಷ್ಟೋ ಮೊದಲೇ ಶಾಲೆ ನಿಂತಿರುವುದುಂಟು.

ದಾಖಲಾತಿ ಪುಸ್ತಕ ಈಗ ಎಲ್ಲಿರುತ್ತದೆ?

ಹುಡುಕುವ ಕ್ರಮ ಹೀಗಿರಲಿ. ಮೊದಲು, ಮಕ್ಕಳನ್ನು ಸೇರಿಸಿಕೊಂಡ ಹತ್ತಿರದ ಸರ್ಕಾರಿ ಪ್ರೌಢಶಾಲೆ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ದಾಖಲೆ ಕೊಠಡಿ. ನಂತರ ಜಿಲ್ಲೆಯ ಉಪನಿರ್ದೇಶಕರ ಕಚೇರಿ. ಅಲ್ಲೂ ಇಲ್ಲವೆಂದರೆ ಹಳೆಯ ಕಟ್ಟಡದಲ್ಲೇ ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರು, ಅಟ್ಟ, ವಿಜ್ಞಾನ ಉಪಕರಣಗಳ ಕೋಣೆ.

ಕೇಳುವಾಗ 'ಹಳೆಯ ದಾಖಲೆಗಳು ಇವೆಯೇ' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರ ಸುಲಭವಾಗಿ ಬರುತ್ತದೆ. 'ಪ್ರಭಾರ ಪಟ್ಟಿ ತೋರಿಸಿ' ಎಂದು ಕೇಳಿ. ಶಾಲೆ ಕೈಬದಲಾಗುವಾಗ ಯಾವ ವಹಿ, ಎಷ್ಟು ಸಂಪುಟ, ಯಾರಿಂದ ಯಾರಿಗೆ ಎಂದು ಬರೆದು ಇಬ್ಬರೂ ಸಹಿ ಮಾಡುವ ಪಟ್ಟಿ ಅದು, ಚಾರ್ಜ್ ಲಿಸ್ಟ್ ಎನ್ನುವುದೂ ಇದನ್ನೇ. ಅದರಲ್ಲಿ ದಾಖಲಾತಿ ಪುಸ್ತಕ 4 ಸಂಪುಟ ಎಂದಿದ್ದು ಬೀರುವಿನಲ್ಲಿ 3 ಇದ್ದರೆ, ಏನು ಹುಡುಕಬೇಕು ಎಂಬುದು ಖಚಿತವಾಗುತ್ತದೆ. ಕಳೆದುಹೋಗುವುದು ಹೆಚ್ಚಾಗಿ ಮೊದಲ ಸಂಪುಟ. ಜನ್ಮದಿನಾಂಕ ತಿದ್ದುಪಡಿಗಾಗಿ ಯಾವುದೋ ಕಚೇರಿಗೋ ನ್ಯಾಯಾಲಯಕ್ಕೋ ಹಾಜರುಪಡಿಸಲು ಕೊಂಡೊಯ್ದದ್ದು ಹಿಂದಿರುಗಿರುವುದಿಲ್ಲ. ಬಂದ ಹೋದ ಕಾಗದಗಳನ್ನು ಬರೆದಿಡುವ ಆವಕ–ಜಾವಕ ವಹಿಯ ಜಾವಕ ಭಾಗದಲ್ಲಿ ಅದು ಹೋದ ದಿನ ಸಿಗಬಹುದು.

ದಾಖಲಾತಿ ಪುಸ್ತಕದಲ್ಲಿ ಹೆಸರುಗಳ ಪಟ್ಟಿ ಬಿಟ್ಟರೆ ಏನಿರುತ್ತದೆ?

ಊರಿನ ಚರಿತ್ರೆಯೇ ಇರುತ್ತದೆ, ಅಂಕಣ ಅಂಕಣವಾಗಿ ಓದುವ ತಾಳ್ಮೆ ಬೇಕು. ಸಾಮಾನ್ಯ ಅಂಕಣಗಳು: ದಾಖಲಾತಿ ಸಂಖ್ಯೆ, ಹೆಸರು, ತಂದೆ ಅಥವಾ ಪೋಷಕರ ಹೆಸರು ಮತ್ತು ವೃತ್ತಿ, ಜಾತಿ, ಜನ್ಮದಿನಾಂಕ, ಮಾತೃಭಾಷೆ, ಹಿಂದೆ ಓದಿದ ಶಾಲೆ, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಇದಕ್ಕೆ ಜನರಲ್ ರಿಜಿಸ್ಟರ್ ಎಂಬ ಹೆಸರೇ ಬಳಕೆಯಲ್ಲಿತ್ತು.

ಮೊದಲು ವರ್ಷವಾರು ಹೊಸ ದಾಖಲಾತಿಯನ್ನು ಎಣಿಸಿ ಒಂದು ತಖ್ತೆ ಮಾಡಿ, ಹುಡುಗರು ಹುಡುಗಿಯರನ್ನು ಬೇರೆ ಬೇರೆಯಾಗಿ. ಮೊದಲ ಹುಡುಗಿ ಸೇರಿದ ದಿನ ಸಿಗುತ್ತದೆ. ಅದು ಮೊದಲ ವರ್ಷವೇ ಆಗಿರಬೇಕೆಂದಿಲ್ಲ. ಆಮೇಲೆ 'ಹಿಂದೆ ಓದಿದ ಶಾಲೆ' ಅಂಕಣವನ್ನು ಊರುವಾರು ಎಣಿಸಿ. ಎಷ್ಟು ದೂರದ ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು, ಯಾವ ವರ್ಷದಿಂದ ಯಾವ ಹಳ್ಳಿಯವರು ಬರುವುದು ನಿಂತಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಒಂದು ಹಳ್ಳಿಯ ಹೆಸರು ಏಕಾಏಕಿ ಮಾಯವಾದರೆ ಅಲ್ಲೇ ಹೈಸ್ಕೂಲು ಶುರುವಾಗಿರಬೇಕು, ಇಲ್ಲವೇ ಆ ದಾರಿಯ ಬಸ್ಸು ಬೇರೆ ಪಟ್ಟಣಕ್ಕೆ ತಿರುಗಿರಬೇಕು.

'ಬಿಟ್ಟ ಕಾರಣ' ಅಂಕಣವನ್ನು ನಂಬುವಾಗ ಎಚ್ಚರ ಇರಲಿ. 'ಪೋಷಕರ ಇಚ್ಛೆ', 'ದೀರ್ಘ ಗೈರುಹಾಜರಿ' ಎಂಬ ಮಾತುಗಳ ಹಿಂದೆ ಮದುವೆ, ಜೀತ, ಸುಗ್ಗಿ, ವಲಸೆ, ಬಡತನ ಯಾವುದೂ ಇರಬಹುದು. ಸುಗ್ಗಿಯ ತಿಂಗಳುಗಳಲ್ಲಿ ಬಿಟ್ಟವರ ಸಂಖ್ಯೆ ಏರುತ್ತದೆಯೇ ಎಂದು ತಿಂಗಳುವಾರು ನೋಡಿ. ಜನ್ಮದಿನಾಂಕದ ಅಂಕಣವೂ ಅಷ್ಟೇ. ಜೂನ್ 1 ಎಂಬ ತಾರೀಖು ಪುಟ ತುಂಬ ಕಂಡರೆ ಆ ಮಕ್ಕಳೆಲ್ಲ ಅಂದೇ ಹುಟ್ಟಿದವರಲ್ಲ. ಶಾಲೆಗೆ ಸೇರಿಸುವಾಗ ವಯಸ್ಸಿಗೆ ಹೊಂದುವಂತೆ ಮೇಷ್ಟರು ಬರೆದ ದಿನ ಅದು.

ಬೇರೆ ಯಾವ ವಹಿಗಳನ್ನು ನೋಡಬೇಕು?

ಹಾಜರಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ವಹಿ, ವೇತನ ಬಟವಾಡೆ ವಹಿ, ತಪಾಸಣಾ ವರದಿ, ಸಂದರ್ಶಕರ ಪುಸ್ತಕ. ಇವುಗಳಲ್ಲಿ ದಾಸ್ತಾನು ವಹಿಯನ್ನು ಜನ ಕಡೆಗಣಿಸುತ್ತಾರೆ, ಅದು ಅನ್ಯಾಯ. ಭೂಪಟ, ತಕಲಿ, ಲೆಜಿಮು, ಡಂಬೆಲ್ಸು, ಸೂಕ್ಷ್ಮದರ್ಶಕ ಯಾವ ವರ್ಷ ಬಂದವು, ಯಾವಾಗ 'ನಿರುಪಯುಕ್ತ' ಎಂದು ಹೊಡೆದುಹಾಕಿದರು ಎಂಬುದರಿಂದ ಶಾಲೆಯಲ್ಲಿ ಏನು ಕಲಿಸುತ್ತಿದ್ದರು ಎಂದು ತಿಳಿಯುತ್ತದೆ. ಪಠ್ಯಕ್ರಮ ಓದಿದರೆ ಏನು ಕಲಿಸಬೇಕಿತ್ತು ಎಂಬುದಷ್ಟೇ ತಿಳಿಯುತ್ತದೆ. ವೇತನ ಬಟವಾಡೆ ವಹಿಯಿಂದ ಶಿಕ್ಷಕರ ಪೂರ್ಣ ಪಟ್ಟಿ ಕಟ್ಟಬಹುದು. ಹುದ್ದೆ ಖಾಲಿ ಬಿದ್ದ ತಿಂಗಳುಗಳೂ ಅಲ್ಲೇ ಕಾಣುತ್ತವೆ.

ಎಲ್ಲ ಕಾಗದವೂ ಉಳಿದಿರುವುದಿಲ್ಲ ಎಂಬುದೂ ಗೊತ್ತಿರಲಿ. ಸರ್ಕಾರಿ ಕಡತಗಳನ್ನು ಎ ಯಿಂದ ಇ ವರೆಗೆ ವರ್ಗ ಮಾಡುತ್ತಾರೆ: ಎ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ 1 ವರ್ಷ. ಅವಧಿ ಮುಗಿದ ಕಡತ ನಾಶವಾಗಿದ್ದರೆ ನಾಶಪಡಿಸಿದ ಪಟ್ಟಿ ಇರಬೇಕು. ಆ ಪಟ್ಟಿಯೂ ಒಂದು ದಾಖಲೆಯೇ.

1956ಕ್ಕೂ ಹಿಂದಿನ ಕಾಗದಗಳು ಎಲ್ಲಿ ಸಿಗುತ್ತವೆ?

ನಿಮ್ಮ ಪಟ್ಟಣ 1956ರ ನವೆಂಬರ್ 1ಕ್ಕೆ ಮುಂಚೆ ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಇದನ್ನು ಮೊದಲು ಖಚಿತಪಡಿಸಿಕೊಳ್ಳದೆ ಬೆಂಗಳೂರಿಗೆ ಬಸ್ಸು ಹತ್ತಬೇಡಿ.

ಹಳೆಯ ಮೈಸೂರು ಸಂಸ್ಥಾನದ್ದಾದರೆ ಬೆಂಗಳೂರಿನ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಮೊದಲ ನಿಲ್ದಾಣ. ಮೈಸೂರು, ಧಾರವಾಡ, ಕಲಬುರಗಿಗಳಲ್ಲೂ ಅದರ ಕಚೇರಿಗಳಿವೆ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ಶಿಕ್ಷಣದ ಅಧ್ಯಾಯ ಇರುತ್ತದೆ. ಮೈಸೂರು ಗೆಜೆಟ್ಟಿನಲ್ಲಿ ನೇಮಕ, ವರ್ಗಾವಣೆಗಳು ಅಚ್ಚಾಗುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು, ಮೇಲಿನ ಹಂತದ ಕಡತಗಳಿಗೆ ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ನೋಡಬೇಕು. ಅಲ್ಲಿನ ಹಳೆಯ ಜಮೀನು ಕಾಗದಗಳು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿರಬಹುದು. ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದರಾಸಿನಲ್ಲಿದ್ದವು. ಬಳ್ಳಾರಿಯೂ ಅಲ್ಲೇ ಇದ್ದು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಇವುಗಳ ಕಡತ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿರಬಹುದು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು, ಮತ್ತು 1948ಕ್ಕೆ ಹಿಂದಿನದು ಬಹುತೇಕ ಉರ್ದುವಿನಲ್ಲಿರುತ್ತದೆ.

ಪ್ರಯಾಣ ಬೆಳೆಸುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಜಿಲ್ಲಾ ಜನಗಣತಿ ಕೈಪಿಡಿ. ಹತ್ತು ವರ್ಷಕ್ಕೊಮ್ಮೆ ಬರುವ ಈ ಸಂಪುಟಗಳಲ್ಲಿ ಊರುವಾರು ಸೌಲಭ್ಯಗಳ ಪಟ್ಟಿ ಇರುತ್ತದೆ, ಶಾಲೆಗಳೂ ಅದರಲ್ಲಿ ಸೇರಿವೆ. ನಿಮ್ಮ ಊರು ಆ ಗಣತಿಯಲ್ಲಿ ಪಟ್ಟಣವೆಂದು ಎಣಿಕೆಯಾಗಿದ್ದರೆ ಹಳ್ಳಿಗಳ ಪಟ್ಟಿಯಲ್ಲಿ ಸಿಗದು, ಪಟ್ಟಣಗಳ ತಖ್ತೆಯಲ್ಲಿ ಹುಡುಕಿ. ಎರಡು ಗಣತಿಗಳ ನಡುವೆ ಹೈಸ್ಕೂಲು ಕಾಣಿಸಿಕೊಂಡರೆ ಹುಡುಕಾಟ ಹತ್ತು ವರ್ಷಕ್ಕೆ ಇಳಿಯಿತು.

ಫಾರಂ, ಇಯತ್ತೆ, ಮ್ಯಾಟ್ರಿಕ್: ಇವು ಈಗಿನ ಎಷ್ಟನೇ ತರಗತಿ?

ಮದರಾಸಿನ ಲೆಕ್ಕದಲ್ಲಿ ಮೊದಲ ಫಾರಂ ಎಂದರೆ 6ನೇ ತರಗತಿ, ಆರನೇ ಫಾರಂ ಎಂದರೆ 11, ಅದೇ ಎಸ್.ಎಸ್.ಎಲ್.ಸಿ. ಮುಂಬೈ ಭಾಗದಲ್ಲಿ ನಾಲ್ಕು ಇಯತ್ತೆ ಕನ್ನಡ, ಆಮೇಲೆ ಏಳು ಇಂಗ್ಲಿಷ್. 'ಇಂಗ್ಲಿಷ್ ಏಳನೇ ಇಯತ್ತೆ' ಎಂದರೆ ಮ್ಯಾಟ್ರಿಕ್, ಒಟ್ಟು 11ನೇ ವರ್ಷ. ಕನ್ನಡ ಏಳನೆಯದು ಮುಗಿಸಿ ಬರೆಯುತ್ತಿದ್ದ ಮುಲ್ಕಿ ಪರೀಕ್ಷೆ ಬೇರೆ, ಅದನ್ನು ಮ್ಯಾಟ್ರಿಕ್ ಜೊತೆ ಕಲಸಬೇಡಿ. ಇಂಗ್ಲಿಷ್ ಏಳನ್ನು ಈಗಿನ ಏಳನೇ ತರಗತಿ ಎಂದು ಓದಿ, 'ಅಂದು ಇಲ್ಲಿ ಬರೀ ಮಾಧ್ಯಮಿಕ ಶಾಲೆ ಇತ್ತು' ಎಂದು ಬರೆದುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು.

ತಾರೀಖಿಲ್ಲದ ಕಾಗದ ಮತ್ತು ಫೋಟೋಗಳ ಕಾಲ ಹೇಗೆ ಗೊತ್ತುಮಾಡುವುದು?

ಕಾಗದವೇ ಹೇಳುತ್ತದೆ. ಲೆಕ್ಕ ರೂಪಾಯಿ–ಆಣೆ–ಪೈ ಅಂಕಣಗಳಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್ 1ಕ್ಕೆ ಹಿಂದಿನದು, ಅಂದು ದಶಮಾಂಶ ನಾಣ್ಯ ಬಂತು. 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು, 1964ರ ಜೂನಿನಲ್ಲಿ 'ನಯಾ' ಬಿಟ್ಟುಹೋಯಿತು. ಮೊಹರಿನಲ್ಲಿ ಮೈಸೂರು ಸರ್ಕಾರ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು. ಆದರೆ ಹಳೆಯ ರಬ್ಬರ್ ಮೊಹರು ಸವೆಯುವವರೆಗೆ ಅದನ್ನೇ ಒತ್ತುತ್ತಿದ್ದರು, ಆದ್ದರಿಂದ ಒಂದೆರಡು ವರ್ಷ ಆಚೆಗೂ ಜಾಗ ಬಿಡಿ. ತಲೆಬರಹದಲ್ಲಿ ಆರಂಕಿಯ ಪಿನ್ ಕೋಡ್ ಅಚ್ಚಾಗಿದ್ದರೆ 1972ರ ಆಗಸ್ಟ್ 15ರ ನಂತರದ್ದು.

ಹೈದರಾಬಾದ್ ಕರ್ನಾಟಕದ ಕಾಗದದಲ್ಲಿ ಫಸಲಿ ವರ್ಷ, ಅಂದರೆ ನಿಜಾಮರ ಆಡಳಿತದ ಕಂದಾಯ ವರ್ಷ, ಇದ್ದರೆ 590 ಸೇರಿಸಿ, ವರ್ಷದ ಉತ್ತರಾರ್ಧಕ್ಕೆ 591. ಫಸಲಿ 1357 ಎಂದರೆ 1947–48. ಅಲ್ಲಿನ ಹಳೆಯ ಮೊತ್ತಗಳು ನಿಜಾಮರ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿಯಲ್ಲಿರಬಹುದು, ಬ್ರಿಟಿಷ್ ರೂಪಾಯಿಗೂ ಅದಕ್ಕೂ ಬೆಲೆ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದರೆ ಕಟ್ಟಡದ ಚಂದಾ ಲೆಕ್ಕ ತಪ್ಪುತ್ತದೆ.

ಗ್ರೂಪ್ ಫೋಟೋದಲ್ಲಿ ಮುಂದೆ ಕೂತವರ ಕಾಲ ಬಳಿ ಇಟ್ಟ ಸ್ಲೇಟನ್ನು ಭೂತಗನ್ನಡಿಯಲ್ಲಿ ನೋಡಿ, ವರ್ಷ ಮತ್ತು ತರಗತಿ ಬರೆದಿರುತ್ತದೆ. ಇಲ್ಲದಿದ್ದರೆ ಕೂತ ಶಿಕ್ಷಕರನ್ನು ಗುರುತಿಸಿ, ವೇತನ ಬಟವಾಡೆ ವಹಿಯಲ್ಲಿ ಅವರೆಲ್ಲರೂ ಒಟ್ಟಿಗೆ ಇದ್ದ ಅವಧಿ ಹುಡುಕಿ. ಮೂರು ಜನ ಗೊತ್ತಾದರೆ ವರ್ಷ ಸಾಮಾನ್ಯವಾಗಿ ಕೈಗೆ ಸಿಗುತ್ತದೆ. ಸರ್ಕಾರ ಕೊಟ್ಟ ಸೈಕಲ್ಲುಗಳ ಸಾಲು ಚಿತ್ರದಲ್ಲಿದ್ದರೆ ಅದು 2006–07ಕ್ಕಿಂತ ಹಿಂದಿನದಲ್ಲ, ಯೋಜನೆ ಶುರುವಾದದ್ದೇ ಆಗ.

ಮಾಹಿತಿ ಹಕ್ಕಿನ ಅರ್ಜಿ ಹೇಗೆ ಹಾಕಬೇಕು?

ಮೊದಲು ಬಾಯಿಮಾತಲ್ಲಿ ಕೇಳಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ವಿಷಯ ನಿರ್ವಾಹಕರು ಮನಸ್ಸು ಮಾಡಿದರೆ ಅರ್ಜಿಯೇ ಬೇಡ. ಆಗದಿದ್ದರೆ 2005ರ ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹೆಚ್ಚಿನ ಅರ್ಜಿಗಳು ಬೀಳುವುದು ಇಲ್ಲೇ: ಜಮೀನು, ಶಿಕ್ಷಕರು, ಫಲಿತಾಂಶ, ಮುಚ್ಚಿದ ಆದೇಶ ಎಲ್ಲವನ್ನೂ ಒಂದರಲ್ಲೇ ತುಂಬಿಸುತ್ತಾರೆ. ಎರಡನೆಯ ತಪ್ಪು 'ಏಕೆ' ಎಂದು ಕೇಳುವುದು. ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ವಿವರಣೆಯನ್ನು ಅಲ್ಲ. ಹೀಗೆ ಕೇಳಿ: 'ಯುಡೈಸ್ ಸಂಖ್ಯೆ ಇಂಥದ್ದಿರುವ ಶಾಲೆಯನ್ನು ವಿಲೀನಗೊಳಿಸಿದ ಆದೇಶ, ಅದಕ್ಕೆ ಆಧಾರವಾದ ಪ್ರಸ್ತಾವನೆ ಮತ್ತು ದಾಖಲೆ ಹಸ್ತಾಂತರದ ಪ್ರಭಾರ ಪಟ್ಟಿಯ ದೃಢೀಕೃತ ಪ್ರತಿ.' ಯುಡೈಸ್ ಎಂದರೆ ದೇಶದ ಪ್ರತಿ ಶಾಲೆಗೂ ಕೊಟ್ಟ ಗುರುತಿನ ಸಂಖ್ಯೆ, 11 ಅಂಕಿಯದು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಅದನ್ನು ಬರೆದರೆ ಅದೇ ಹೆಸರಿನ ಇನ್ನೊಂದು ಶಾಲೆಯ ಉತ್ತರ ಬರುವುದಿಲ್ಲ.

ಉತ್ತರಕ್ಕೆ 30 ದಿನ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ಕಳಿಸುವುದು ಅವರ ಹೊಣೆ, 'ನಮ್ಮಲ್ಲಿಲ್ಲ' ಎಂದು ಮರಳಿಸುವಂತಿಲ್ಲ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ನಕಲು ಕೇಳುವುದರ ಬದಲು ವಹಿಯನ್ನು ಕಣ್ಣಾರೆ ಪರಿಶೀಲಿಸುವ ಹಕ್ಕೂ ಕಾಯ್ದೆಯಲ್ಲಿದೆ. ಇತಿಹಾಸ ಬರೆಯುವವರಿಗೆ ಅದೇ ಹೆಚ್ಚು ಉಪಯುಕ್ತ, ಏನು ಕೇಳಬೇಕು ಎಂಬುದು ವಹಿ ತೆರೆದ ಮೇಲೆಯೇ ಹೊಳೆಯುವುದು.

ಶಾಲೆಯ ಜಮೀನು ಯಾರದ್ದು? ಕೊಟ್ಟವರ ಮನೆಯವರು ವಾಪಸ್ ಕೇಳುತ್ತಿದ್ದಾರೆ.

ಹಕ್ಕಿನ ತೀರ್ಮಾನ ವಕೀಲರ ಮತ್ತು ನ್ಯಾಯಾಲಯದ ಕೆಲಸ. ಚರಿತ್ರೆಗೆ ಬೇಕಾದದ್ದು ಕಾಗದದ ಸರಪಳಿ. ಸರ್ವೆ ನಂಬರ್ ಇದ್ದರೆ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಇತರೆ ಹಕ್ಕು ಮತ್ತು ಋಣಗಳು. ಯಾವ ಮ್ಯುಟೇಶನ್ ಸಂಖ್ಯೆಯಿಂದ ಹೆಸರು ಬದಲಾಯಿತು ಎಂದು ನೋಡಿ ಹಿಂದಕ್ಕೆ ಹೋಗಿ, ಕೈಬರಹದ ಪಹಣಿಗಳನ್ನೂ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಪಟ್ಟಣದ ಮಿತಿಯೊಳಗಿದ್ದರೆ ಪುರಸಭೆಯ ಖಾತೆ ಅಥವಾ ನಗರ ಮಾಪನದ ಪ್ರಾಪರ್ಟಿ ಕಾರ್ಡ್ ನೋಡಬೇಕಾಗುತ್ತದೆ. ದಾನಪತ್ರ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯ 1ನೇ ಪುಸ್ತಕದಲ್ಲಿ ಅದರ ನಕಲಿರುತ್ತದೆ. ಗಣಕೀಕರಣಕ್ಕೆ ಹಿಂದಿನದನ್ನು ಸೂಚಿ ಹಿಡಿದು ಕೈಯಲ್ಲೇ ಹುಡುಕಬೇಕು.

'ನಮ್ಮಜ್ಜ ಮೂರು ಎಕರೆ ಕೊಟ್ಟರು' ಎಂಬ ಮಾತು ಎಷ್ಟೋ ಊರುಗಳಲ್ಲಿ ನಿಜವೇ, ಆದರೆ ಬಾಯಿಮಾತಿನ ದಾನಕ್ಕೆ ನೋಂದಣಿ ಇರುವುದಿಲ್ಲ. ಅಂಥಲ್ಲಿ 'ದಾನವೆಂದು ಕುಟುಂಬದವರು ಹೇಳುತ್ತಾರೆ, ನೋಂದಾಯಿತ ಪತ್ರ ಸಿಕ್ಕಿಲ್ಲ' ಎಂದು ಎರಡನ್ನೂ ಬರೆಯಿರಿ. ದಾನಪತ್ರ ಸಿಕ್ಕರೆ ಷರತ್ತುಗಳನ್ನು ಅಕ್ಷರಶಃ ನಕಲು ಮಾಡಿ, ಸಾರಾಂಶ ಮಾಡಬೇಡಿ. 'ಶಾಲೆಯ ಉಪಯೋಗಕ್ಕೆ ಮಾತ್ರ' ಎಂಬ ಮೂರು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಜಗಳವೇ ನಿಂತಿರುತ್ತದೆ.

ಎಸ್.ಎಸ್.ಎಲ್.ಸಿ. ಫಲಿತಾಂಶ ಸಿಗುತ್ತದೆಯೇ?

ಶಾಲೆಯ ಫಲಿತಾಂಶ ಪಟ್ಟಿ ಉಳಿದಿದ್ದರೆ ಅದೇ ಉತ್ತಮ. ಅದಿಲ್ಲದಿದ್ದರೆ ಕೇಳಬೇಕಾದದ್ದು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯನ್ನು. ಅದು 1966ರ ಕಾಯ್ದೆಯಿಂದ ಬಂದದ್ದು, 2022ರಿಂದ ಅದರ ಹೆಸರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಶೇಕಡಾ ಲೆಕ್ಕ ಬರೆಯುವಾಗ ಎಷ್ಟು ಮಂದಿ ಕೂತಿದ್ದರು ಎಂಬುದನ್ನೂ ಕಡ್ಡಾಯವಾಗಿ ಕೊಡಿ. ನೂರಕ್ಕೆ ನೂರು ಎಂಬ ಹೆಮ್ಮೆಯ ಹಿಂದೆ ಕೊನೆಯ ವರ್ಷದ ಆರೇ ಮಕ್ಕಳಿರಬಹುದು.

ಹಳೆಯ ವಿದ್ಯಾರ್ಥಿಗಳ ಸಂದರ್ಶನದಲ್ಲಿ ಏನು ಕೇಳಬೇಕು?

'ಆಗಿನ ಶಾಲೆ ಹೇಗಿತ್ತು' ಎಂದು ಕೇಳಿದರೆ 'ಆಗಿನ ಮೇಷ್ಟರೆಂದರೆ ದೇವರು' ಎಂಬ ಉತ್ತರ ಬರುತ್ತದೆ, ಮುಂದೆ ದಾರಿ ಇರುವುದಿಲ್ಲ. ಸಣ್ಣದನ್ನು ಕೇಳಿ. ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತಿದ್ದಿರಿ, ಯಾವ ದಾರಿ, ಹಳ್ಳ ಬಂದಾಗ ಏನು ಮಾಡುತ್ತಿದ್ದಿರಿ? ನೀರು ಎಲ್ಲಿ ಕುಡಿಯುತ್ತಿದ್ದಿರಿ, ಎಲ್ಲರೂ ಒಂದೇ ಕಡೆ ಕುಡಿಯುತ್ತಿದ್ದರೇ? ಹುಡುಗಿಯರಿಗೆ ಶೌಚಾಲಯ ಇತ್ತೇ? ಫೀಸು ಕಟ್ಟಲಾಗದವರು ಏನು ಮಾಡಿದರು? ನಿಮ್ಮ ಜೊತೆ ಸೇರಿ ಪರೀಕ್ಷೆಗೆ ಮೊದಲೇ ಬಿಟ್ಟವರು ಯಾರು? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸ್ನೇಹಮಿಲನಕ್ಕೆ ಬರುವವರು ಪಾಸಾದವರು. ಫೇಲಾದವರು, ಅರ್ಧಕ್ಕೆ ಬಿಟ್ಟವರು, ಮದುವೆಯಾಗಿ ಹೋದ ಹುಡುಗಿಯರು ಆ ವೇದಿಕೆಯಲ್ಲಿ ಇರುವುದಿಲ್ಲ, ಶಾಲೆ ಅವರದ್ದೂ ಆಗಿತ್ತು. ದಾಖಲಾತಿ ಪುಸ್ತಕದಲ್ಲಿ ಅವರ ಹೆಸರಿದೆ, ಹುಡುಕಿಕೊಂಡು ಹೋಗಿ.

ಒಂದು ಬಾರಿಗೆ ಮುಕ್ಕಾಲು ಗಂಟೆ ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಮಾತಿನ ಮೊದಲಿಗೇ ತಾರೀಖು ಮತ್ತು ಒಪ್ಪಿಗೆಯನ್ನು ಧ್ವನಿಯಲ್ಲಿ ಪಡೆಯಿರಿ. ಒಂದು ಹಳೆಯ ಗ್ರೂಪ್ ಫೋಟೋ ಕೈಗಿಟ್ಟರೆ ಮಾತು ತಾನಾಗಿ ಬರುತ್ತದೆ.

ಹುಳ ತಿಂದ, ಒದ್ದೆಯಾದ ವಹಿಗಳನ್ನು ಏನು ಮಾಡುವುದು?

ಬಿಸಿಲಿಗೆ ಹಾಕಬೇಡಿ, ಕಾಗದ ಸುರುಟಿ ಒಡೆಯುತ್ತದೆ, ಶಾಯಿ ಮಾಸುತ್ತದೆ. ನೆರಳಲ್ಲಿ ಫ್ಯಾನಿನ ಗಾಳಿಗೆ ಇಟ್ಟು, ಹತ್ತಾರು ಪುಟಕ್ಕೊಂದರಂತೆ ಅಚ್ಚಿಲ್ಲದ ಬಿಳಿ ಹೀರುಕಾಗದ ಸೇರಿಸಿ, ತೇವ ಹೀರಿದಂತೆ ಬದಲಿಸುತ್ತಿರಿ. ಅಂಟಿಕೊಂಡ ಪುಟವನ್ನು ಎಳೆಯಬೇಡಿ. ಹರಿದ ಕಡೆ ಸೆಲೋಟೇಪು ಹಚ್ಚಬೇಡಿ, ಕೆಲವೇ ವರ್ಷಗಳಲ್ಲಿ ಅದರ ಗೋಂದು ಹಳದಿಯಾಗಿ ಅಕ್ಷರವನ್ನೂ ನುಂಗುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಅದನ್ನು ಬಿಡಿಸಲು ಆಗುವುದಿಲ್ಲ. ಕೀಟನಾಶಕವನ್ನು ಕಾಗದದ ಮೇಲೆ ಸಿಂಪಡಿಸುವುದೂ ಬೇಡ.

ಬರಹಕ್ಕೆ 300 ಡಿಪಿಐ, ಫೋಟೋಗೆ 600 ಡಿಪಿಐ ಸ್ಕ್ಯಾನ್ ಸಾಕು, ಕಪ್ಪುಬಿಳುಪು ಫೋಟೋವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ದಪ್ಪ ವಹಿಯನ್ನು ಸ್ಕ್ಯಾನರಿನ ಮೇಲೆ ಒತ್ತಿದರೆ ಬೆನ್ನು ಮುರಿಯುತ್ತದೆ. ಅಂಥದ್ದಕ್ಕೆ ಸ್ಟ್ಯಾಂಡಿಗೆ ಕಟ್ಟಿದ ಫೋನು, ಎರಡು ಬದಿಯಿಂದ ಬೆಳಕು, ಫ್ಲಾಶ್ ಬೇಡ. ರಕ್ಷಾಪುಟ ಮತ್ತು ಖಾಲಿ ಪುಟಗಳನ್ನೂ ತೆಗೆಯಿರಿ, ಎಷ್ಟೋ ಟಿಪ್ಪಣಿಗಳು ಅಲ್ಲೇ ಇರುತ್ತವೆ. ಕಡತದ ಹೆಸರಿನಲ್ಲಿ ವಹಿ, ಸಂಪುಟ, ಪುಟ ಇರಲಿ. ವಾಟ್ಸ್ಆ್ಯಪ್ ಮೂಲಕ ಬಂದ ಫೋಟೋವನ್ನು ಮೂಲವೆಂದು ಇಡಬೇಡಿ, ಅದು ಕುಗ್ಗಿದ ಪ್ರತಿ.

ಸಿಕ್ಕಿದ್ದೆಲ್ಲವನ್ನೂ ಪ್ರಕಟಿಸಬಹುದೇ?

ಬೇಡ. 20 ವರ್ಷಕ್ಕೂ ಹಳೆಯ ಮಾಹಿತಿಯನ್ನು ಕೊಡುವಾಗ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ ಎಂದು ಮಾಹಿತಿ ಹಕ್ಕು ಕಾಯ್ದೆ ಹೇಳಿದರೂ, ಕೈಗೆ ಬಂದದ್ದೆಲ್ಲ ಅಚ್ಚಿಗೆ ಯೋಗ್ಯವಲ್ಲ. ಬದುಕಿರುವವರ ಜಾತಿ, ಜನ್ಮದಿನಾಂಕ, ಅಂಕ, ಶಿಸ್ತುಕ್ರಮ, ಫೇಲಾದ ವಿವರವನ್ನು ಹೆಸರಿನೊಡನೆ ಹಾಕಬೇಡಿ. ಒಟ್ಟು ಸಂಖ್ಯೆಗಳನ್ನು ಧಾರಾಳವಾಗಿ ಕೊಡಿ. ಯಾವ ಸಮುದಾಯದ ಎಷ್ಟು ಮಕ್ಕಳು ಯಾವ ದಶಕದಿಂದ ಬರತೊಡಗಿದರು ಎಂಬುದು ಹೆಸರಿಲ್ಲದೆಯೂ ಹೇಳಬೇಕಾದ ಸಂಗತಿ.

ಟಿ.ಸಿ., ಅಂಕಪಟ್ಟಿ ಬೇಕೆಂದು ಹಳೆಯ ವಿದ್ಯಾರ್ಥಿಗಳು ನಮ್ಮನ್ನೇ ಕೇಳುತ್ತಾರೆ.

ನೀವು ಕೊಡುವಂತಿಲ್ಲ, ನಿಮ್ಮ ಸ್ಕ್ಯಾನ್ ಪ್ರತಿಗೆ ಪ್ರಮಾಣಪತ್ರದ ಬೆಲೆಯೂ ಇಲ್ಲ. ಮೂಲ ವಹಿ ಇರುವ ಶಾಲೆಯ ಮುಖ್ಯಶಿಕ್ಷಕರ ಬಳಿ ಕಳಿಸಿ, ಅದು ತಿಳಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ. ದಾಖಲಾತಿ ಸಂಖ್ಯೆ ಮತ್ತು ಸಂಪುಟವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಒಂದು ದಿನ ಉಳಿಯುತ್ತದೆ.

ನಮ್ಮ ಊರೇ ಮುಳುಗಡೆಯಾಯಿತು. ಶಾಲೆಯ ಕುರುಹು ಎಲ್ಲಿ ಹುಡುಕುವುದು?

1964ರಲ್ಲಿ ಮುಗಿದ ಲಿಂಗನಮಕ್ಕಿ, ಕಾಳಿ ನದಿಯ ಸೂಪಾ, ಕೃಷ್ಣೆಯ ಆಲಮಟ್ಟಿ ಇವುಗಳ ಹಿನ್ನೀರಿನಲ್ಲಿ ಶಾಲೆಗಳೂ ಹೋದವು. ಸೂಪಾ ಪಟ್ಟಣವೇ ಮುಳುಗಿ ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು. ಇಂಥಲ್ಲಿ ಭೂಸ್ವಾಧೀನದ ಐತೀರ್ಪು (ಅವಾರ್ಡ್) ಕಡತ ನೋಡಿ. ಪರಿಹಾರ ನಿಗದಿಗಾಗಿ ಕಟ್ಟಡದ ಅಳತೆ, ಗೋಡೆ, ಚಾವಣಿ, ಬಾವಿ, ಮರಗಳನ್ನು ಎಣಿಸಿ ಬರೆದಿರುವುದುಂಟು. ನಿಂತಿರುವ ಎಷ್ಟೋ ಶಾಲೆಗಳಿಗೂ ಅಷ್ಟು ನಿಖರ ವಿವರಣೆ ಇಲ್ಲ. ಆಮೇಲೆ ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಹಳೆಯ ವಹಿಗಳನ್ನು ಕೇಳಿ.

ಶಾಲೆ ಏಕೆ ಮುಚ್ಚಿತು ಎಂದು ಬರೆಯುವುದು ಹೇಗೆ?

'ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಂದ' ಎಂಬ ಒಂದು ಸಾಲಿಗೆ ನಿಲ್ಲಬೇಡಿ. ಅದು ಕಾರಣವಾಗಿದ್ದರೂ ಒಂದೇ ಕಾರಣ ಆಗಿರುವುದು ಕಡಿಮೆ. ಮೊದಲು ನೀವು ಮಾಡಿದ ದಾಖಲಾತಿ ತಖ್ತೆ ತೆಗೆದು ಇಳಿತ ಶುರುವಾದ ವರ್ಷ ಗುರುತಿಸಿ. ಆ ವರ್ಷದ ಸುತ್ತ ಏನಾಯಿತು ಎಂದು ನೋಡಿ. 2000ರ ದಶಕದಲ್ಲಿ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳಲ್ಲೇ 8ನೇ ತರಗತಿ ತೆರೆದರು. ಅಂಥ ಕಡೆ ಹೈಸ್ಕೂಲಿನ 8ನೇ ತರಗತಿ ಬರಿದಾಗಿ, ಮಕ್ಕಳು ನೇರವಾಗಿ 9ಕ್ಕೆ ಸೇರತೊಡಗುತ್ತಾರೆ. ವಹಿಯಲ್ಲಿ ಇದು ಇಳಿತದಂತೆ ಕಂಡರೂ ಊರಲ್ಲಿ ಮಕ್ಕಳು ಕಡಿಮೆಯಾಗಿರುವುದಿಲ್ಲ. 2009ರಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಬಂದ ಮೇಲೆ ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳು ಹೈಸ್ಕೂಲುಗಳಾಗಿ ಮೇಲ್ದರ್ಜೆಗೇರಿದವು. ಆ ಹಳ್ಳಿಯವರಿಗೆ ಅದು ಒಳ್ಳೆಯದೇ ಆಯಿತು, ಪಟ್ಟಣದ ಹಳೆಯ ಶಾಲೆಗೆ ಮಕ್ಕಳು ತಪ್ಪಿದರು. ಎರಡನ್ನೂ ಬರೆಯಬೇಕು.

ನಂತರ ಹುದ್ದೆಗಳನ್ನು ನೋಡಿ. ಗಣಿತ ಅಥವಾ ಇಂಗ್ಲಿಷ್ ಶಿಕ್ಷಕರ ಹುದ್ದೆ ಎಷ್ಟು ತಿಂಗಳು ಖಾಲಿಯಿತ್ತು? ಮಕ್ಕಳು ಕಡಿಮೆಯಾದ್ದರಿಂದ ಶಿಕ್ಷಕರನ್ನು 'ಹೆಚ್ಚುವರಿ' ಎಂದು ಬೇರೆಡೆಗೆ ನಿಯೋಜಿಸಿದರೇ, ಶಿಕ್ಷಕರಿಲ್ಲದ್ದರಿಂದ ಮಕ್ಕಳು ಬಿಟ್ಟರೇ? ಬಟವಾಡೆ ವಹಿಯ ತಿಂಗಳುಗಳನ್ನೂ ಹೊಸ ದಾಖಲಾತಿಯ ಸಂಖ್ಯೆಯನ್ನೂ ಅಕ್ಕಪಕ್ಕ ಬರೆದರೆ ಯಾವುದು ಮೊದಲು ಎಂಬುದು ಕಾಣುತ್ತದೆ. ಶಾಲೆಯ ಸಾವಿಗೆ ಮಕ್ಕಳನ್ನೋ ಪೋಷಕರನ್ನೋ ದೂರುವ ಮುಂಚೆ ಈ ಲೆಕ್ಕ ಮಾಡಲೇಬೇಕು. ಬಸ್ಸಿನ ವೇಳೆ, ಸೋರುವ ಚಾವಣಿ, ಮನೆಗೆ ಎರಡೇ ಮಕ್ಕಳಾದದ್ದು, ದುಡಿಯಲು ಬೆಂಗಳೂರಿಗೋ ಪುಣೆಗೋ ಮಂಗಳೂರಿಗೋ ಕುಟುಂಬಗಳು ಹೋದದ್ದು ಇವಕ್ಕೂ ಜಾಗ ಕೊಡಿ. ಯಾವುದಕ್ಕೆ ಕಾಗದ ಇದೆ, ಯಾವುದು ಊರವರ ಮಾತು ಎಂದು ಬೇರ್ಪಡಿಸಿ ಬರೆಯಿರಿ.

ಮುಗಿದ ಮೇಲೆ ಪ್ರತಿಗಳನ್ನು ಎಲ್ಲಿಡಬೇಕು?

ಮೂಲ ವಹಿಗಳು ಸರ್ಕಾರದ ಸ್ವತ್ತು, ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಎಲ್ಲಿಂದ ತಂದಿರೋ ಅಲ್ಲಿಗೇ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಸ್ಕ್ಯಾನ್ ಪ್ರತಿಗಳು ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಊರಿನಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಮುದ್ರಿತ ಪುಸ್ತಕದ ಪ್ರತಿಗಳನ್ನು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಮತ್ತು ನಿಮ್ಮ ಶಾಲೆಯ ಮಕ್ಕಳನ್ನು ಸೇರಿಸಿಕೊಂಡ ಶಾಲೆಗೆ ಕೊಡಿ. ಒಳಪುಟದಲ್ಲಿ ಹಳೆಯ ಶಾಲೆಯ ಯುಡೈಸ್ ಸಂಖ್ಯೆ, ಮಂಡಳಿಯ ಶಾಲಾ ಸಂಕೇತ, ದಾಖಲಾತಿ ಪುಸ್ತಕ ಈಗಿರುವ ಜಾಗ ಈ ಮೂರನ್ನೂ ಅಚ್ಚು ಹಾಕಿ.